ಕ್ರಾಸ್‌ಬ್ಯಾಂಡ್ ರಿಪೀಟರ್: ಆನ್ ಮಾಡೋದು ಸುಲಭ, ಸುಮ್ಮನಿರಿಸೋದನ್ನ ಮೊದಲು ಕಲಿಯಿರಿ

ಮಲೆನಾಡಿನಲ್ಲಿ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಹಿಡಿದು ಓಡಾಡಿದ ಹ್ಯಾಮ್‌ಗಳಿಗೆಲ್ಲ (ಹವ್ಯಾಸಿ ರೇಡಿಯೋದವರಿಗೆಲ್ಲ) ಇದು ಗೊತ್ತಿರುವ ಕಷ್ಟ. ಕೈಯಲ್ಲಿ 5 ವ್ಯಾಟ್ ಇದೆ, ಬ್ಯಾಟರಿ ಫುಲ್ ಇದೆ, ಆದರೆ ನಡುವೆ ಒಂದು ಗುಡ್ಡ ಬಂತು ಅಂದರೆ ಮುಗಿಯಿತು. ಮುಳ್ಳಯ್ಯನಗಿರಿ ಕಡೆ ಕ್ಲಬ್ಬಿನವರು ಒಂದು ಚಾರಣ ಇಟ್ಟುಕೊಂಡಿದ್ದಾರೆ ಅಂದುಕೊಳ್ಳಿ. ಗುಡ್ಡದ ಈ ಕಡೆ ಮೂವರು, ಆ ಕಡೆ ನಾಲ್ವರು, ಕೆಳಗೆ ಚಿಕ್ಕಮಗಳೂರಿನಲ್ಲಿ ಒಬ್ಬರು ಬೇಸ್ ನೋಡಿಕೊಳ್ಳುತ್ತಾರೆ. ಈ ಎಂಟು ಜನ ಒಬ್ಬರ ಮಾತು ಒಬ್ಬರಿಗೆ ಕೇಳಬೇಕು. ಸೀತಾಳಯ್ಯನಗಿರಿ ಹತ್ತಿರ ರಸ್ತೆ ಪಕ್ಕ ಒಂದು ಕಾರು ನಿಲ್ಲಿಸಿ, ಅದರಲ್ಲಿರುವ ಡ್ಯುಯಲ್ ಬ್ಯಾಂಡ್ ರಿಗ್ಗನ್ನು (ಎರಡು ಫ್ರೀಕ್ವೆನ್ಸಿ ಬ್ಯಾಂಡ್‌ನಲ್ಲಿ ಕೆಲಸ ಮಾಡುವ ರೇಡಿಯೋ) ಕ್ರಾಸ್‌ಬ್ಯಾಂಡ್ ರಿಪೀಟರ್ ಮೋಡ್‌ಗೆ, ಅಂದರೆ ಒಂದು ಬ್ಯಾಂಡ್‌ನಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಮತ್ತೆ ಬಿಡುವ ಮೋಡ್‌ಗೆ ಹಾಕಿದರೆ ಈ ಕೆಲಸ ಆಗುತ್ತದೆ. ಟವರ್ ಬೇಡ, ಕ್ಯಾವಿಟಿ (ಲೋಹದ ಡಬ್ಬಿಯಂಥ ಫಿಲ್ಟರ್) ಬೇಡ, ಹೆಚ್ಚು ಖರ್ಚೂ ಇಲ್ಲ.

ಕೆಲಸ ಮಾಡುವ ರೀತಿ ಸರಳ. ರಿಗ್ ಯುಎಚ್ಎಫ್‌ನಲ್ಲಿ (434 ಮೆಗಾಹರ್ಟ್ಸ್ ಆಸುಪಾಸು) ಕೇಳಿದ್ದನ್ನು ಅದೇ ಕ್ಷಣ ವಿಎಚ್ಎಫ್‌ನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಬಿಡುತ್ತದೆ, ವಿಎಚ್ಎಫ್‌ನಲ್ಲಿ ಕೇಳಿದ್ದನ್ನು ಯುಎಚ್ಎಫ್‌ನಲ್ಲಿ ಬಿಡುತ್ತದೆ. ಮಾಮೂಲಿ 2 ಮೀಟರ್ (ವಿಎಚ್ಎಫ್) ರಿಪೀಟರ್‌ನಲ್ಲಿ ಕೇಳುವುದಕ್ಕೂ ಬಿಡುವುದಕ್ಕೂ ನಡುವೆ 600 ಕಿಲೋಹರ್ಟ್ಸ್ ಮಾತ್ರ ಅಂತರ, ಅದಕ್ಕೇ ಅಲ್ಲಿ ದೊಡ್ಡ ದೊಡ್ಡ ಕ್ಯಾವಿಟಿಗಳು ಬೇಕು. ಇಲ್ಲಿ 145 ಎಲ್ಲಿ, 434 ಎಲ್ಲಿ! ಇಷ್ಟು ದೂರ ಇರುವುದರಿಂದ ರಿಗ್ ಒಳಗಿರುವ ಫಿಲ್ಟರ್‌ಗಳೇ ಸಾಕು, ಒಂದೇ ಆಂಟೆನಾ ಸಾಕು.

ಹಾಗಾದರೆ ಕಷ್ಟ ಎಲ್ಲಿದೆ? ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ, ಮುಂದಿನದೆಲ್ಲ ಅದರಿಂದಲೇ ಬರುತ್ತದೆ. ಈ ಪೆಟ್ಟಿಗೆ, ಅಂದರೆ ಕಾರಿನಲ್ಲಿರುವ ರಿಗ್, ಯುಎಚ್ಎಫ್‌ನಲ್ಲಿ ಮಾತಾಡುತ್ತಿರುವಾಗ ಯುಎಚ್ಎಫ್‌ನಲ್ಲಿ ಏನೂ ಕೇಳಿಸಿಕೊಳ್ಳುವುದಿಲ್ಲ. ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳುವ ಮನುಷ್ಯನ ಹಾಗೆ. ವಿಎಚ್ಎಫ್ ಕಡೆ ಸ್ವಲ್ಪ ಗದ್ದಲ ಬಂದು ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ರಿಸೀವರನ್ನು ಸುಮ್ಮನಿರಿಸುವ ಬಾಗಿಲು) ತೆರೆದುಕೊಂಡಿತು ಅಂತಿಟ್ಟುಕೊಳ್ಳಿ, ಯುಎಚ್ಎಫ್ ಕಡೆ ಟ್ರಾನ್ಸ್‌ಮಿಟ್ ಶುರುವಾಯಿತು, ಗದ್ದಲ ನಿಲ್ಲುವವರೆಗೆ ಅದು ನಿಲ್ಲುವುದಿಲ್ಲ, ಅಷ್ಟು ಹೊತ್ತೂ ಯುಎಚ್ಎಫ್ ಹ್ಯಾಂಡಿ ಹಿಡಿದವರು ಎಷ್ಟು ಪಿಟಿಟಿ (ಮಾತಾಡುವಾಗ ಒತ್ತುವ ಬಟನ್) ಒತ್ತಿದರೂ ಉಪಯೋಗವಿಲ್ಲ. ಕಾಡಿನಲ್ಲಿ ಯಾರಿಗೋ ಕಾಲು ಉಳುಕಿದೆ, ಅವರು ಕೂಗುತ್ತಿದ್ದಾರೆ, ಪೆಟ್ಟಿಗೆ ಗದ್ದಲ ಬಿಡುತ್ತಾ ಕೂತಿದೆ. ಹೀಗಾಗಬಾರದು ಅಂತಲೇ ಇಷ್ಟು ಬರೆಯುತ್ತಿರುವುದು.

ಯಾವ ರಿಗ್ ಬೇಕು

ಎಲ್ಲ ಡ್ಯುಯಲ್ ಬ್ಯಾಂಡ್ ರಿಗ್‌ಗೂ ಇದು ಬರುವುದಿಲ್ಲ. ಕೆನ್‌ವುಡ್ ಟಿಎಂ-ವಿ71ಎ, ಟಿಎಂ-ಡಿ710, ಯೇಸು ಎಫ್‌ಟಿ-8800, ಎಫ್‌ಟಿ-8900, ಚೀನಾದ್ದರಲ್ಲಿ ಟಿವೈಟಿ ಟಿಎಚ್-9800 ಇವುಗಳಲ್ಲಿ ಇದೆ. ಐಕಾಮ್ ಐಸಿ-2730ಎ ಎರಡೂ ಬ್ಯಾಂಡ್ ಒಟ್ಟಿಗೆ ಕೇಳುತ್ತದೆ, ಆದರೆ ಕ್ರಾಸ್‌ಬ್ಯಾಂಡ್ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ದುಡ್ಡು ಕೊಡುವ ಮುಂಚೆ ಇದನ್ನು ನೋಡಿಕೊಳ್ಳಿ. ಬೌಫೆಂಗ್ ಯುವಿ-5ಆರ್ ಪರದೆ ಮೇಲೆ ಎರಡು ಫ್ರೀಕ್ವೆನ್ಸಿ ತೋರಿಸುತ್ತದೆ, ಆದರೆ ಒಳಗಿರುವುದು ಒಂದೇ ರಿಸೀವರ್, ಅದು ಒಂದನ್ನು ಬಿಟ್ಟು ಒಂದನ್ನು ಇಣುಕಿ ನೋಡುತ್ತದೆ ಅಷ್ಟೇ. ಅದೊಂದರಿಂದ ಈ ಕೆಲಸ ಆಗುವುದಿಲ್ಲ. ಎರಡು ಯುವಿ-5ಆರ್ ತಗೊಂಡು, ಒಂದರ ಸ್ಪೀಕರ್‌ನಿಂದ ಇನ್ನೊಂದರ ಮೈಕ್‌ಗೆ ಕೇಬಲ್ ಹಾಕಿ ವಾಕ್ಸ್‌ನಲ್ಲಿ (ಸದ್ದು ಬಂದರೆ ತಾನೇ ಟ್ರಾನ್ಸ್‌ಮಿಟ್ ಆಗುವ ಮೋಡ್) ನಡೆಸಬಹುದು. ಕಲಿಯುವುದಕ್ಕೆ ಒಳ್ಳೆಯದು. ಆದರೆ ವಾಕ್ಸ್ ಪ್ರತಿ ಮಾತಿನ ಮೊದಲ ಅಕ್ಷರ ನುಂಗುತ್ತದೆ, ಸ್ಪೀಕರ್ ಲೆವೆಲ್ ಮೈಕ್‌ಗೆ ತುಂಬಾ ಜಾಸ್ತಿ ಆಗುವುದರಿಂದ ನಡುವೆ ಒಂದು ಪಾಟ್ (ಲೆವೆಲ್ ಇಳಿಸುವ ರೆಸಿಸ್ಟರ್) ಹಾಕಿ ಚೆನ್ನಾಗಿ ಇಳಿಸಬೇಕು. ಜನರ ಸುರಕ್ಷತೆ ನಿಂತಿರುವ ಕಡೆ ಅದನ್ನು ನಾನು ಇಡುವುದಿಲ್ಲ.

ಫ್ರೀಕ್ವೆನ್ಸಿ ಆರಿಸೋದು

ಇಲ್ಲಿ ಸ್ವಲ್ಪ ನಿಧಾನಿಸಿ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಸಿಕ್ಕಿರುವುದು 144ರಿಂದ 146 ಮೆಗಾಹರ್ಟ್ಸ್, ಮತ್ತೆ 434ರಿಂದ 438. ಇದರಲ್ಲಿ 145.8ರ ಮೇಲೆ ಮತ್ತು 435ರಿಂದ 438 ಉಪಗ್ರಹಗಳ ಜಾಗ. ಅಲ್ಲಿ ಗುಡ್ಡದ ಮೇಲಿಂದ ಎಫ್‌ಎಂ ಬಿಟ್ಟರೆ ಎಲ್ಲೋ ಕೂತು ಉಪಗ್ರಹದ ಸಣ್ಣ ಸಿಗ್ನಲ್‌ಗೆ ಕಾಯುತ್ತಿರುವವರಿಗೆ ತೊಂದರೆ. ಹಾಗಾಗಿ ಯುಎಚ್ಎಫ್‌ನಲ್ಲಿ ನಮಗೆ ಉಳಿಯುವುದು 434ರಿಂದ 435, ಒಂದೇ ಮೆಗಾಹರ್ಟ್ಸ್. ಅದರ ಕೆಳಗೆ 433.92ರಲ್ಲಿ ಕಾರಿನ ರಿಮೋಟ್ ಕೀಗಳು ಇರುತ್ತವೆ. 434.0ಕ್ಕೆ ಅಂಟಿಕೊಂಡು ಕೂತರೆ ಪಾರ್ಕಿಂಗ್‌ನಲ್ಲಿರುವ ಪ್ರವಾಸಿಗರ ಕಾರುಗಳ ಲಾಕ್ ತೆರೆಯದೆ ಹೋಗಬಹುದು. 434.5 ಆಸುಪಾಸು ವಾಸಿ.

ಈಗ ಬಹಳ ಜನ ಬಿಟ್ಟುಬಿಡುವ ಲೆಕ್ಕ. ವಿಎಚ್ಎಫ್ ಫ್ರೀಕ್ವೆನ್ಸಿಯನ್ನು 3ರಿಂದ ಗುಣಿಸಿ. ಯಾವ ಟ್ರಾನ್ಸ್‌ಮಿಟರ್ ಆದರೂ ತನ್ನ ಫ್ರೀಕ್ವೆನ್ಸಿಯ ಮೂರು ಪಟ್ಟಿನಲ್ಲಿ ಸ್ವಲ್ಪ ಸೋರುತ್ತದೆ, ಅದೇ ಮೂರನೇ ಹಾರ್ಮೋನಿಕ್. 144.850 ಇಟ್ಟುಕೊಂಡಿರಿ ಅನ್ನಿ, ಮೂರು ಪಟ್ಟು 434.550. ನಿಮ್ಮ ಯುಎಚ್ಎಫ್ ಕಿವಿಯೂ 434.550ರಲ್ಲೇ ಇದ್ದರೆ? ಪೆಟ್ಟಿಗೆ ವಿಎಚ್ಎಫ್‌ನಲ್ಲಿ ಬಾಯಿ ತೆರೆದ ತಕ್ಷಣ ತನ್ನದೇ ಸೋರಿಕೆಯನ್ನು ಯುಎಚ್ಎಫ್‌ನಲ್ಲಿ ಕೇಳಿ, ದೂರದ ಹ್ಯಾಂಡಿಯ ಸಣ್ಣ ಸಿಗ್ನಲ್ ಅದರಡಿ ಮುಚ್ಚಿಹೋಗುತ್ತದೆ. 144.667ರಿಂದ 145.000ರವರೆಗಿನ ತುಂಡು ಪೂರ್ತಿ ನಮ್ಮ 434–435ರ ಮೇಲೇ ಬೀಳುತ್ತದೆ. ಅದನ್ನು ಬಿಟ್ಟು 145.300 ಥರದ್ದು ತಗೊಳ್ಳಿ. ಮೂರು ಪಟ್ಟು 435.900 ಆಗುತ್ತದೆ, 434.550ಕ್ಕೆ ಸಾಕಷ್ಟು ದೂರ. ನಾನು ಇಲ್ಲಿ ಕೊಟ್ಟಿರುವ ಅಂಕಿ ಉದಾಹರಣೆಗೆ ಮಾತ್ರ. ನಿಮ್ಮ ಊರಿನ ರಿಪೀಟರ್‌ಗಳ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಬಿಟ್ಟು ಆರಿಸಿ, ಆಮೇಲೆ ಅದೇ ಗುಡ್ಡದ ಮೇಲೆ ನಿಂತು ಅರ್ಧ ಗಂಟೆ ಕೇಳಿ. ಕೆಳಗೆ ಖಾಲಿ ಅನ್ನಿಸಿದ ಚಾನೆಲ್ ಮೇಲೆ ಹೋದರೆ ಖಾಲಿ ಇರುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕಾ? ಕ್ರಾಸ್‌ಬ್ಯಾಂಡ್ ಆಫ್ ಇಟ್ಟು, ಟೋನ್ ಸ್ಕ್ವೆಲ್ಚ್ (ಮಾತಿನ ಜೊತೆ ಗೊತ್ತುಮಾಡಿದ ಸಣ್ಣ ಟೋನ್ ಇದ್ದರೆ ಮಾತ್ರ ಕಿವಿ ತೆರೆಯುವ ಏರ್ಪಾಡು) ತೆಗೆದು, ವಿಎಚ್ಎಫ್ ಕಡೆ ಪಿಟಿಟಿ ಒತ್ತಿ ಯುಎಚ್ಎಫ್ ಕಡೆಯ ಎಸ್ ಮೀಟರ್ (ಸಿಗ್ನಲ್ ಬಲ ತೋರಿಸುವ ಗೆರೆಗಳು) ನೋಡಿ. ಮೀಟರ್ ಅಲುಗಾಡದಿದ್ದರೆ ಸರಿ. ಒಂದು ಗೆರೆ ಏರಿದರೂ ಫ್ರೀಕ್ವೆನ್ಸಿ ಬದಲಿಸಿ.

ಟೋನ್, ಎರಡೂ ಕಡೆ

ಟೋನ್ ಇಲ್ಲದೆ ಕ್ರಾಸ್‌ಬ್ಯಾಂಡ್ ಆನ್ ಮಾಡಬೇಡಿ. ಒಂದು ಕಡೆ ಹಾಕಿದರೆ ಸಾಲದು, ಎರಡೂ ಕಡೆ ಬೇಕು. ಪೆಟ್ಟಿಗೆ ಟೋನ್ ಕಳಿಸಿದರೆ ಸಾಲದು, ಒಳಗೆ ಬರುವ ಸಿಗ್ನಲ್‌ನಲ್ಲಿ ಟೋನ್ ಇದ್ದರೆ ಮಾತ್ರ ತೆರೆದುಕೊಳ್ಳಬೇಕು. ಕೆನ್‌ವುಡ್‌ನಲ್ಲಿ ಬರೀ "ಟಿ" ಬಂದರೆ ಕಳಿಸುತ್ತದೆ ಅಷ್ಟೇ, "ಸಿಟಿ" ಬಂದರೆ ಕಳಿಸಿ ಕೇಳುತ್ತದೆ. ಯೇಸುವಿನಲ್ಲಿ "ಇಎನ್‌ಸಿ" ಒಂದೇ ಇದ್ದರೆ ಸಾಲದು, ಪಕ್ಕದಲ್ಲಿ "ಡಿಇಸಿ" ಕೂಡ ಇರಬೇಕು. ಯುಎಚ್ಎಫ್‌ಗೆ 103.5 ಹರ್ಟ್ಸ್, ವಿಎಚ್ಎಫ್‌ಗೆ 88.5 ಹರ್ಟ್ಸ್ ಹೀಗೆ ಬೇರೆ ಬೇರೆ ಇಟ್ಟರೆ ತಪ್ಪು ಹುಡುಕುವಾಗ ಸುಲಭ.

ಹ್ಯಾಂಡಿಗಳ ಕಡೆ ಟೋನ್ ಕಳಿಸುವುದು ಕಡ್ಡಾಯ. ಯುವಿ-5ಆರ್‌ನಲ್ಲಿ ಮೆನು 13, ಟಿ-ಸಿಟಿಸಿಎಸ್. ಕೇಳುವ ಟೋನ್, ಅಂದರೆ ಮೆನು 11, ಶುರುವಿಗೆ ಆಫ್ ಇಡಿ. ಏನಾದರೂ ತೊಂದರೆ ಬಂದರೆ ಕಿವಿ ತೆರೆದಿರುವುದೇ ಒಳ್ಳೆಯದು. ಅದೇ ಹ್ಯಾಂಡಿಯಲ್ಲಿ ಮೆನು 7ರ ಟಿಡಿಆರ್ (ಎರಡು ಫ್ರೀಕ್ವೆನ್ಸಿಯನ್ನು ಸರದಿಯಲ್ಲಿ ಇಣುಕುವ ಮೋಡ್) ಆಫ್ ಮಾಡಿ, ಇಲ್ಲದಿದ್ದರೆ ಕೊನೆಯಲ್ಲಿ ಯಾವ ಕಡೆ ಸದ್ದು ಬಂತೋ ಆ ಕಡೆಗೆ ಹ್ಯಾಂಡಿ ಜಿಗಿದು, ಒತ್ತಿದವರು ಬೇರೆ ಫ್ರೀಕ್ವೆನ್ಸಿಯಲ್ಲಿ ಮಾತಾಡಿಬಿಡುತ್ತಾರೆ. ರೋಜರ್ ಬೀಪ್ (ಮಾತು ಮುಗಿದಾಗ ಬರುವ ಸದ್ದು) ತೆಗೆಯಿರಿ. ಸಿಗ್ನಲ್‌ನ ಅಗಲ ವೈಡ್ ಅಥವಾ ನ್ಯಾರೋ, ಯಾವುದಾದರೂ ಒಂದು, ಆದರೆ ಎಲ್ಲರದ್ದೂ ಒಂದೇ ಇರಲಿ. ಒಬ್ಬರದ್ದು ವೈಡ್, ಪೆಟ್ಟಿಗೆಯದ್ದು ನ್ಯಾರೋ ಆದರೆ ಗಟ್ಟಿಯಾಗಿ ಮಾತಾಡಿದಾಗೆಲ್ಲ ಸ್ವರ ಒಡೆಯುತ್ತದೆ.

ಎರಡು ದಾರಿ, ಅಥವಾ ಒಂದೇ ದಾರಿ

ಎರಡು ದಾರಿಯ ಕ್ರಾಸ್‌ಬ್ಯಾಂಡ್‌ನಲ್ಲಿ ಒಂದು ಕೊರತೆ ಇದೆ, ಜಾಗಕ್ಕೆ ಹೋದಮೇಲೆ ಗೊತ್ತಾದರೆ ಕಷ್ಟ. ಪೆಟ್ಟಿಗೆ ಯುಎಚ್ಎಫ್‌ನದನ್ನು ವಿಎಚ್ಎಫ್‌ಗೆ ಕೊಡುತ್ತದೆ, ಯುಎಚ್ಎಫ್‌ಗೇ ವಾಪಸ್ ಕೊಡುವುದಿಲ್ಲ. ಗುಡ್ಡದ ಎರಡು ಪಕ್ಕದಲ್ಲಿರುವ ಇಬ್ಬರೂ ಯುಎಚ್ಎಫ್‌ನಲ್ಲೇ ಇದ್ದರೆ ಅವರಿಬ್ಬರಿಗೆ ಒಬ್ಬರದ್ದು ಒಬ್ಬರಿಗೆ ಕೇಳುವುದಿಲ್ಲ. ಬೇಸ್‌ನವರಿಗೆ ಮಾತ್ರ ಇಬ್ಬರದ್ದೂ ಕೇಳುತ್ತದೆ. ಒಬ್ಬರು ಮಾತಾಡುತ್ತಿರುವುದು ಗೊತ್ತಾಗದೆ ಇನ್ನೊಬ್ಬರು ಮೇಲೆ ಬೀಳುತ್ತಾರೆ.

ಈ ಪಕ್ಕದವರು ಯುಎಚ್ಎಫ್, ಆ ಪಕ್ಕದವರು ಮತ್ತು ಬೇಸ್ ವಿಎಚ್ಎಫ್ ಅಂತ ಹಂಚಿದರೆ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಆದರೆ ನನ್ನ ಮಟ್ಟಿಗೆ ಗುಂಪಿನ ಕೆಲಸಕ್ಕೆ ಒಂದೇ ದಾರಿಯೇ ಉತ್ತಮ. ಎಲ್ಲರೂ ಯುಎಚ್ಎಫ್‌ನಲ್ಲಿ ಮಾತಾಡುತ್ತಾರೆ, ಎಲ್ಲರೂ ವಿಎಚ್ಎಫ್‌ನಲ್ಲಿ ಕೇಳುತ್ತಾರೆ. ಪೆಟ್ಟಿಗೆಯ ಕೆಲಸ ಯುಎಚ್ಎಫ್ ಕೇಳುವುದು, ವಿಎಚ್ಎಫ್‌ನಲ್ಲಿ ಬಿಡುವುದು, ಅಷ್ಟೇ. ಹೀಗೆ ಮಾಡಿದರೆ ಎಂಟೂ ಜನಕ್ಕೆ ಎಂಟೂ ಜನರ ಮಾತು ಕೇಳುತ್ತದೆ, ಅಲ್ವಾ? ಅದಕ್ಕಿಂತ ಮುಖ್ಯ, ಪೆಟ್ಟಿಗೆಯ ಯುಎಚ್ಎಫ್ ಕಿವಿ ಯಾವತ್ತೂ ಮುಚ್ಚುವುದಿಲ್ಲ. ಮೇಲೆ ಹೇಳಿದ ಸಿಕ್ಕಿಹಾಕಿಕೊಳ್ಳುವ ಕಷ್ಟವೇ ಇಲ್ಲ.

ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್‌ಗಳಿಗಾಗಿ ಇಟ್ಟಿರುವ ರಿಪೀಟರ್ ಕೂಡ ಇದೇ ಥರ ಒಂದೇ ದಾರಿ, ದಿಕ್ಕು ಮಾತ್ರ ಉಲ್ಟಾ. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಒಂದು ಕೆನ್‌ವುಡ್ ಡಿ710 ರಿಗ್ಗನ್ನು ಕ್ರಾಸ್‌ಬ್ಯಾಂಡ್‌ಗೆ ಹಾಕಿದರು. 145.990ರಲ್ಲಿ 67 ಹರ್ಟ್ಸ್ ಟೋನ್ ಹಾಕಿ ಮಾತಾಡಬೇಕು, 437.800ರಲ್ಲಿ ಕೇಳಬೇಕು. ನಮ್ಮ ಇಸ್ರೋ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹ ನಮ್ಮ ಏರ್ಪಾಡಿನ ಹಾಗೇ ಯುಎಚ್ಎಫ್‌ನಲ್ಲಿ ಕೇಳಿ ವಿಎಚ್ಎಫ್‌ನಲ್ಲಿ ಬಿಡುತ್ತಿತ್ತು, 2014ರವರೆಗೆ ಪ್ರಪಂಚದ ಹ್ಯಾಮ್‌ಗಳೆಲ್ಲ ಅದರಲ್ಲಿ ಮಾತಾಡಿದರು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೆಮ್ಮೆ ಆಗುತ್ತದೆ.

ಒಂದೇ ದಾರಿ ಮಾಡುವುದು ಹೇಗೆ? ಕೆಲವು ರಿಗ್‌ನಲ್ಲಿ ಒಂದು ಬ್ಯಾಂಡನ್ನು ಮಾತ್ರ ಟ್ರಾನ್ಸ್‌ಮಿಟ್‌ಗೆ ಲಾಕ್ ಮಾಡುವ ಆಯ್ಕೆ ಮೆನುವಿನಲ್ಲೇ ಇದೆ. ಇಲ್ಲದಿದ್ದರೆ ಒಂದು ಉಪಾಯ: ಪೆಟ್ಟಿಗೆಯ ವಿಎಚ್ಎಫ್ ಕಡೆ ಕೇಳುವ ಟೋನನ್ನು ನಿಮ್ಮ ಗುಂಪಿನಲ್ಲಿ ಯಾರೂ ಬಳಸದ ಒಂದಕ್ಕೆ ಇಡಿ. ಆ ಕಡೆಯ ಬಾಗಿಲು ತೆರೆಯುವುದೇ ಇಲ್ಲ. ಹ್ಯಾಂಡಿಗಳನ್ನು ಚಿರ್ಪ್ ಸಾಫ್ಟ್‌ವೇರ್‌ನಲ್ಲಿ ತೆರೆದು, ಡ್ಯುಪ್ಲೆಕ್ಸ್ ಕಾಲಂನಲ್ಲಿ "ಸ್ಪ್ಲಿಟ್" ಆರಿಸಿ, ಕೇಳುವುದಕ್ಕೆ 145.300, ಕಳಿಸುವುದಕ್ಕೆ 434.550 ತುಂಬಿ. ಯುವಿ-5ಆರ್‌ಗೂ ಇದು ಬರುತ್ತದೆ. ಪಕ್ಕದ ಚಾನೆಲ್‌ನಲ್ಲಿ ಬರೀ 145.300 ಸಿಂಪ್ಲೆಕ್ಸ್ (ಕೇಳುವುದೂ ಕಳಿಸುವುದೂ ಒಂದೇ ಫ್ರೀಕ್ವೆನ್ಸಿ) ಕೂಡ ತುಂಬಿಡಿ. ಪೆಟ್ಟಿಗೆ ಕೈಕೊಟ್ಟರೆ ಎಲ್ಲರೂ ಒಂದು ಚಾನೆಲ್ ಆಚೆ ಹೋದರೆ ಹತ್ತಿರದವರಾದರೂ ಮಾತಾಡಬಹುದು.

ಆಂಟೆನಾ, ಕರೆಂಟು, ಬಿಸಿ

ಎತ್ತರ ಸಿಕ್ಕರೆ ವ್ಯಾಟ್ ಬೇಡ. ಸುತ್ತಲಿನ ನೆಲಕ್ಕಿಂತ ಎಷ್ಟು ಮೀಟರ್ ಮೇಲಿದ್ದೀರೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ನೆಲದ ಮೇಲೆ ನಿಂತ ಹ್ಯಾಂಡಿಗೆ 5 ಕಿಲೋಮೀಟರ್, 100 ಮೀಟರ್ ಎತ್ತರಕ್ಕೆ 41. ಅದಕ್ಕೇ ಕಾರನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಎಲ್ಲಕ್ಕಿಂತ ದೊಡ್ಡ ವಿಷಯ. ಐವತ್ತು ಹೆಜ್ಜೆ ಆಚೆ ಈಚೆ ಆದರೂ ಒಂದು ಕಣಿವೆ ಪೂರ್ತಿ ಕಾಣೆಯಾಗಬಹುದು.

ಕಾರಿನ ಮೇಲೆ ಮ್ಯಾಗ್ನೆಟ್ ಮೌಂಟ್ ಡ್ಯುಯಲ್ ಬ್ಯಾಂಡ್ ಆಂಟೆನಾ ಸಾಕು. ಮನೆಯಲ್ಲೇ ಮಾಡಿಕೊಳ್ಳುವವರು 49 ಸೆಂಟಿಮೀಟರ್ ತಂತಿ ನಿಲ್ಲಿಸಿ, ಕೆಳಗೆ 51 ಸೆಂಟಿಮೀಟರಿನ ನಾಲ್ಕು ರೇಡಿಯಲ್ (ಸುತ್ತ ಚಾಚುವ ತಂತಿ) ಇಳಿಜಾರಾಗಿ ಹಾಕಿ. ವಿಎಚ್ಎಫ್‌ಗೆ ಕಾಲು ತರಂಗ, ಮೂರು ಪಟ್ಟು ಮೇಲಿನ ಯುಎಚ್ಎಫ್‌ಗೆ ಮುಕ್ಕಾಲು ತರಂಗ, ಎರಡಕ್ಕೂ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತದೆ ಅನ್ನುವ ಅಳತೆ) ಹಿಡಿತಕ್ಕೆ ಬರುತ್ತದೆ. ಯುಎಚ್ಎಫ್‌ನಲ್ಲಿ ಸಿಗ್ನಲ್ ಸ್ವಲ್ಪ ಆಕಾಶದ ಕಡೆ ಹೋಗುತ್ತದೆ, ಆದರೂ ಕೆಲಸ ನಡೆಯುತ್ತದೆ. ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಆರ್‌ಜಿ-58 ಕೇಬಲ್ 10 ಮೀಟರ್ ಹಾಕಿದರೆ ಯುಎಚ್ಎಫ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ, ಬರುವ ಸಿಗ್ನಲ್ಲೂ ಅಷ್ಟೇ. ಉದ್ದ ಬೇಕಾದರೆ ಆರ್‌ಜಿ-213 ಹಾಕಿ.

ಪವರ್ ಲೋ ಇಡಿ, ಹೆಚ್ಚೆಂದರೆ 10 ವ್ಯಾಟ್. ಮೊಬೈಲ್ ರಿಗ್‌ಗಳನ್ನು ಸ್ವಲ್ಪ ಮಾತಾಡಿ ಜಾಸ್ತಿ ಕೇಳುವುದಕ್ಕೆ ಮಾಡಿರುತ್ತಾರೆ. ರಿಪೀಟರ್ ಆದರೆ ಯಾರು ಮಾತಾಡಿದರೂ ಅದೇ ಬಿಡಬೇಕು. 50 ವ್ಯಾಟ್‌ನಲ್ಲಿ ಹಾಕಿದರೆ 13 ಆಂಪಿಯರ್ ತನಕ ಎಳೆಯುತ್ತದೆ, ಹಿಂದಿನ ಹೀಟ್‌ಸಿಂಕ್ ಮೇಲೆ ಕೈ ಇಡುವುದಕ್ಕಾಗುವುದಿಲ್ಲ, ಕೊನೆಗೆ ಫೈನಲ್‌ಗೆ (ಪವರ್ ಕೊಡುವ ಟ್ರಾನ್ಸಿಸ್ಟರ್‌ಗೆ) ಕುತ್ತು. ಲೋದಲ್ಲಿ ಬಿಡುವಾಗ ನಾಲ್ಕೈದು ಆಂಪಿಯರ್, ಸುಮ್ಮನೆ ಕೇಳುವಾಗ ಒಂದರ ಹತ್ತಿರ. ಅರ್ಧ ಹೊತ್ತು ಮಾತು ಅಂದುಕೊಂಡರೆ ಸರಾಸರಿ 3, ಅಂದರೆ 20 ಆಂಪಿಯರ್ ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಆರು ಗಂಟೆ ಬರುತ್ತದೆ. ಕಾರಿನ ಬ್ಯಾಟರಿ ಬಳಸಿದರೆ ಸಂಜೆ ಕಾರು ಸ್ಟಾರ್ಟ್ ಆಗಬೇಕು ಅನ್ನುವುದು ನೆನಪಿರಲಿ. ಸಿಗರೇಟ್ ಲೈಟರ್ ಸಾಕೆಟ್ ಬೇಡ, ನೇರ ಬ್ಯಾಟರಿಯಿಂದ ಎರಡೂ ತಂತಿಗೆ ಫ್ಯೂಸ್ ಹಾಕಿ ಎಳೆಯಿರಿ. ರಿಗ್ಗನ್ನು ನೆರಳಲ್ಲಿ ಇಡಿ, ಕಿಟಕಿ ಇಳಿಸಿ. ಗಾಜು ಏರಿಸಿದ ಕಾರು ಬಿಸಿಲಿಗೆ ಒಲೆ ಆಗುತ್ತದೆ.

ಆನ್ ಮಾಡುವ ಮುಂಚೆ ಮೂರು ಸೆಟ್ಟಿಂಗ್: ಎಪಿಓ (ತಾನೇ ಆಫ್ ಆಗುವ ಸೆಟ್ಟಿಂಗ್) ಆಫ್ ಇರಬೇಕು, ಇಲ್ಲದಿದ್ದರೆ ಯಾರೂ ಬಟನ್ ಮುಟ್ಟಲಿಲ್ಲ ಅಂತ ರಿಗ್ ತಾನೇ ಮಲಗಬಹುದು. ಟೈಮ್ ಔಟ್ ಟೈಮರ್ 3 ನಿಮಿಷಕ್ಕೆ ಇಡಿ, ಯಾರದ್ದಾದರೂ ಪಿಟಿಟಿ ಬ್ಯಾಗಿನಲ್ಲಿ ಒತ್ತಿಕೊಂಡು ಕೂತರೆ ಅದು ಕಾಪಾಡುತ್ತದೆ. ಕೀ ಲಾಕ್ ಹಾಕಿ. ಕ್ರಾಸ್‌ಬ್ಯಾಂಡ್ ಆನ್ ಮಾಡುವ ಬಟನ್ ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಮ್ಯಾನುಯಲ್‌ನ ಆ ಪುಟದ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಗುಡ್ಡದ ಮೇಲೆ ನೆಟ್‌ವರ್ಕ್ ಇರುವುದಿಲ್ಲ.

ಮನೆಯಲ್ಲಿ, ಊರಿನ ರಿಪೀಟರ್ ಜೊತೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿರುವ ಬಹಳ ಜನ ಬೇರೆ ಕಾರಣಕ್ಕೆ ಇದನ್ನು ಕೇಳುತ್ತಾರೆ. ಟೆರೇಸ್ ಮೇಲೆ ಆಂಟೆನಾ, ರೂಮಿನಲ್ಲಿ ರಿಗ್, ಆದರೆ ಅಡುಗೆಮನೆಯಲ್ಲೋ ಕೆಳಗೆ ಪಾರ್ಕಿಂಗ್‌ನಲ್ಲೋ ಇದ್ದಾಗ ಹ್ಯಾಂಡಿಯಿಂದಲೇ ನೆಟ್‌ಗೆ (ಹ್ಯಾಮ್‌ಗಳು ರೇಡಿಯೋದಲ್ಲಿ ಒಟ್ಟಿಗೆ ಸೇರುವ ಕೂಟಕ್ಕೆ) ಸೇರಬೇಕು. ಇದಕ್ಕೆ ಎರಡು ದಾರಿಯ ಮೋಡೇ ಬೇಕು, ಇಲ್ಲಿ ತೊಂದರೆ ಕೊಡುವುದು ರಿಪೀಟರ್‌ನ ಟೇಲ್. ಮಾತಾಡಿದವರು ಪಿಟಿಟಿ ಬಿಟ್ಟ ಮೇಲೂ ರಿಪೀಟರ್ ಎರಡು ಮೂರು ಸೆಕೆಂಡ್ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಬಿಟ್ಟುಕೊಂಡಿರುತ್ತದೆ. ಅಷ್ಟು ಹೊತ್ತೂ ನಿಮ್ಮ ಪೆಟ್ಟಿಗೆ ಯುಎಚ್ಎಫ್‌ನಲ್ಲಿ ಬಿಡುತ್ತಲೇ ಇರುತ್ತದೆ, ನಿಮ್ಮ ಹ್ಯಾಂಡಿ ಅದಕ್ಕೆ ಕೇಳುವುದಿಲ್ಲ. ಟೇಲ್ ಬೀಳುವ ಮುಂಚೆಯೇ ಬೇರೆಯವರು ಮಾತು ಶುರು ಮಾಡುವ ನೆಟ್‌ನಲ್ಲಿ ನಿಮಗೆ ಸರದಿಯೇ ಸಿಗುವುದಿಲ್ಲ.

ಕೆಲವು ರಿಪೀಟರ್‌ಗಳು ಮಾತು ಇರುವಾಗ ಮಾತ್ರ ಟೋನ್ ಕಳಿಸಿ ಟೇಲ್‌ನಲ್ಲಿ ನಿಲ್ಲಿಸುತ್ತವೆ. ಹಾಗಿದ್ದರೆ ವಿಎಚ್ಎಫ್ ಕಡೆ ಟೋನ್ ಸ್ಕ್ವೆಲ್ಚ್ ಹಾಕಿದರೆ ಮಾತು ಮುಗಿದ ತಕ್ಷಣ ನಿಮ್ಮ ಪೆಟ್ಟಿಗೆ ಬಾಯಿ ಮುಚ್ಚುತ್ತದೆ, ಕಷ್ಟ ತೀರಿತು. ರಿಪೀಟರ್ ನೋಡಿಕೊಳ್ಳುವವರನ್ನು ಕೇಳಿ. ಅವರ ರಿಪೀಟರ್‌ಗೆ ನಿಮ್ಮ ಪೆಟ್ಟಿಗೆ ಜೋಡಿಸುತ್ತಿದ್ದೀರಿ, ಹೇಗೂ ಮೊದಲು ಹೇಳಿಯೇ ಮಾಡಬೇಕು. ಟೋನ್ ಕಳಿಸದ ರಿಪೀಟರ್ ಆದರೆ ಈ ಏರ್ಪಾಡು ಬಿಟ್ಟುಬಿಡಿ. ಹ್ಯಾಂಡಿ ಪವರ್ ಲೋ ಇಡಿ, ರಿಗ್ ಯುಎಚ್ಎಫ್ ಪವರ್ರೂ ಲೋ, ರಿಗ್ ಪಕ್ಕದಲ್ಲೇ ನಿಂತು ಮಾತಾಡಬೇಡಿ.

ಯಾವ ಏರ್ಪಾಡಾದರೂ ಒಂದು ಅಭ್ಯಾಸ ಎಲ್ಲರಿಗೂ ಕಲಿಸಿ: ಪಿಟಿಟಿ ಒತ್ತಿ, ಒಂದು ಸೆಕೆಂಡ್ ಪೂರ್ತಿ ಕಾಯ್ದು, ಆಮೇಲೆ ಮಾತು. ಪೆಟ್ಟಿಗೆ ಟೋನ್ ಗುರುತಿಸಬೇಕು, ಆಮೇಲೆ ಟ್ರಾನ್ಸ್‌ಮಿಟ್ ಶುರುವಾಗಬೇಕು, ಮುಂದೆ ರಿಪೀಟರ್ ಇದ್ದರೆ ಅದೂ ಏಳಬೇಕು. ಒತ್ತಿದ ಕೂಡಲೇ "ಬೇಡ, ಹೋಗಬೇಡಿ" ಅಂದರೆ ಆ ಕಡೆ ಬರೀ "ಹೋಗಬೇಡಿ" ಕೇಳಿದರೂ ಪುಣ್ಯ. "ಇಲ್ಲ" ಅನ್ನುವ ಒಂದೇ ಪದದ ಉತ್ತರ ಆದರೆ ಪೂರ್ತಿ ನುಂಗಿಹೋಗುತ್ತದೆ.

ಲೈಸೆನ್ಸ್ ಮತ್ತು ಜವಾಬ್ದಾರಿ

ಪಿಟಿಟಿ ಒತ್ತುವ ಪ್ರತಿಯೊಬ್ಬರಿಗೂ ಹ್ಯಾಮ್ ಲೈಸೆನ್ಸ್ ಇರಬೇಕು. ಸ್ವಯಂಸೇವಕರಿಗೆಲ್ಲ ಒಂದೊಂದು ಬೌಫೆಂಗ್ ಹಂಚುವ ಹಾಗಿಲ್ಲ. ದುಡ್ಡಿನ ವ್ಯವಹಾರದ ಕೆಲಸಕ್ಕೂ ಹ್ಯಾಮ್ ಬ್ಯಾಂಡ್ ಬಳಸುವ ಹಾಗಿಲ್ಲ. ಲೈಸೆನ್ಸ್‌ನಲ್ಲಿರುವ ವಿಳಾಸ ಬಿಟ್ಟು ಬೇರೆ ಕಡೆ ನಡೆಸುವ ಮುಂಚೆ ಅದರ ಷರತ್ತು ಓದಿ. ಒಂದೆಡೆ ಕಾಯಂ ಆಗಿ ರಿಪೀಟರ್ ಹಾಕಬೇಕಾದರೆ ಡಬ್ಲ್ಯೂಪಿಸಿ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಅನುಮತಿ ಬೇಕು. ಗುಡ್ಡ ಅರಣ್ಯ ಇಲಾಖೆಯದ್ದಾದರೆ ಅವರ ಅನುಮತಿಯೂ ಬೇಕು. ಕಾಲ್ ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತು) ಶುರುವಲ್ಲಿ, ಕೊನೆಯಲ್ಲಿ, ನಡುವೆ ಆಗಾಗ ಹೇಳಿ. ಪೆಟ್ಟಿಗೆ ಬಿಡುವ ಫ್ರೀಕ್ವೆನ್ಸಿಯಲ್ಲಿ ಅದರ ಒಡೆಯರ ಕಾಲ್ ಸೈನ್ ಕೇಳಿಸಬೇಕು.

ಕಾರಿನ ಹತ್ತಿರ ಲೈಸೆನ್ಸ್ ಇರುವ ಒಬ್ಬರು ಕೂತಿರಬೇಕು. ಬೀಗ ಹಾಕಿ ಟೀ ಕುಡಿಯುವುದಕ್ಕೆ ಹೋಗುವ ಕೆಲಸ ಅಲ್ಲ ಇದು. ಅವರ ಕೆಲಸ ಬೇರೆ ಹ್ಯಾಂಡಿಯಲ್ಲಿ ಎರಡೂ ಕಡೆ ಕೇಳುತ್ತಾ ಇರುವುದು, ಹೀಟ್‌ಸಿಂಕ್ ಮುಟ್ಟಿ ನೋಡುವುದು, ಗಂಟೆಗೊಮ್ಮೆ ವೋಲ್ಟೇಜ್ ಬರೆಯುವುದು, ಬೇಕಾದಾಗ ಸ್ವಿಚ್ ಆಫ್ ಮಾಡುವುದು.

ಮುಂಚಿನ ದಿನವೇ ಊರಿನಲ್ಲಿ ಒಂದು ಸಲ ಪೂರ್ತಿ ಹಾಕಿ ನೋಡಿ. ಮೊದಲು ಕ್ರಾಸ್‌ಬ್ಯಾಂಡ್ ಆಫ್ ಇಟ್ಟು ಎರಡೂ ಬ್ಯಾಂಡ್ ಬೇರೆ ಬೇರೆಯಾಗಿ ಸರಿಯಿದೆಯಾ ಪರೀಕ್ಷಿಸಿ, ಆಮೇಲೆ ಆನ್ ಮಾಡಿ. ಒಬ್ಬರು ಟೋನ್ ಇಲ್ಲದೆ ಒತ್ತಲಿ, ಪೆಟ್ಟಿಗೆ ಏಳಬಾರದು. ಟೋನ್ ಹಾಕಿ ಒತ್ತಲಿ, ಏಳಬೇಕು, ಬಿಟ್ಟ ತಕ್ಷಣ ಬೀಳಬೇಕು. ಆಮೇಲೆ ಹತ್ತು ನಿಮಿಷ ಯಾರೂ ಮಾತಾಡದೆ ಪೆಟ್ಟಿಗೆಯ ಟ್ರಾನ್ಸ್‌ಮಿಟ್ ದೀಪ ನೋಡುತ್ತಾ ಕೂತುಕೊಳ್ಳಿ. ಒಂದು ಸಲ ಹೊತ್ತಿಕೊಂಡರೂ ಕಾರಣ ಸಿಗುವವರೆಗೆ ಗುಡ್ಡಕ್ಕೆ ಒಯ್ಯಬೇಡಿ.

ಕೆಲಸ ಮುಗಿದ ಮೇಲೆ ಬರೀ ಪವರ್ ತೆಗೆದು ಹೊರಡಬೇಡಿ. ಕೆಲವು ರಿಗ್‌ಗಳು ಆಫ್ ಮಾಡಿ ಆನ್ ಮಾಡಿದರೂ ಕ್ರಾಸ್‌ಬ್ಯಾಂಡ್ ಮೋಡ್‌ನಲ್ಲೇ ಏಳುತ್ತವೆ. ಮೊದಲು ಮೋಡ್ ತೆಗೆಯಿರಿ, ಮಾಮೂಲಿ ಪರದೆ ಬಂದಿದೆಯಾ ನೋಡಿ, ಆಮೇಲೆ ರಿಗ್ ಆಫ್ ಮಾಡಿ.